ಇನ್ಸುಲಿನ್ ಪ್ರತಿರೋಧ ಉಂಟೋ ಇಲ್ಲವೋ: ಯಾವ ಟೆಸ್ಟ್ ಮಾಡಿಸುವುದು?

"ಇನ್ಸುಲಿನ್ ರೆಸಿಸ್ಟೆನ್ಸ್ ಟೆಸ್ಟ್ ಉಂಟಾ? ಎಷ್ಟಾಗ್ತದೆ?" ಎಂದು ಲ್ಯಾಬಿನ ಕೌಂಟರಿನಲ್ಲಿ ಕೇಳುವವರು ಈಚೆಗೆ ಜಾಸ್ತಿ. ಡಾಕ್ಟರು ಬರೆದ ಚೀಟಿ ಹಿಡಿದು ಬರುವವರು ಕೆಲವರು. ಹೆಚ್ಚಿನವರು ಮೊಬೈಲಿನಲ್ಲಿ ಏನೋ ನೋಡಿ ಬಂದವರು. ಒಬ್ಬರಿಗೆ ಹೋಮಾ (ಖಾಲಿ ಹೊಟ್ಟೆಯ ಇನ್ಸುಲಿನ್ ಮತ್ತು ಶುಗರಿನಿಂದ ತೆಗೆಯುವ ಲೆಕ್ಕ) ಬೇಕು, ಇನ್ನೊಬ್ಬರಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) ಸಾಕೋ ಏನೋ ಎಂಬ ಅನುಮಾನ, ಮತ್ತೊಬ್ಬರಿಗೆ ತೋಳಿಗೆ ಅಂಟಿಸಿ ಸಕ್ಕರೆ ನೋಡುವ ಸೆನ್ಸರ್ ತರಿಸಿದರೆ ಹೇಗೆ ಎಂಬ ಯೋಚನೆ. ನಾನು ಮಂಗಳೂರಿನ ಲ್ಯಾಬೊಂದರಲ್ಲಿ ರಕ್ತ ತೆಗೆದು ರಿಪೋರ್ಟ್ ಮಾಡುವ ಕೆಲಸದವನು, ಡಾಕ್ಟರಲ್ಲ. ಯಾರು ಯಾವ ಮಾತ್ರೆ ತಿನ್ನಬೇಕೆಂದು ಹೇಳುವುದು ನನ್ನ ಕೆಲಸವಲ್ಲ. ಯಾವ ಟೆಸ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ, ಎಲ್ಲಿ ಕೊಟ್ಟ ದುಡ್ಡು ದಂಡವಾಗುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಒಂದು ಸಂಗತಿ ಮೊದಲೇ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಒಳಗೆ ಎಳೆದುಕೊಳ್ಳುವಂತೆ ಮಾಡುವುದು, ಲಿವರ್ ಬೇಡದ ಹೊತ್ತಿನಲ್ಲಿ ಸಕ್ಕರೆ ಬಿಡದಂತೆ ತಡೆಯುವುದು ಇನ್ಸುಲಿನ್ನಿನ ಕೆಲಸ. ಈ ಅಂಗಗಳು ಅದರ ಮಾತಿಗೆ ಜಗ್ಗದಿರುವುದೇ ಇನ್ಸುಲಿನ್ ಪ್ರತಿರೋಧ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿದು ಹೇಗೋ ನಿಭಾಯಿಸುತ್ತದೆ. ಹೀಗೆ ನಿಭಾಯಿಸುವಷ್ಟು ಕಾಲವೂ ಶುಗರ್ ರಿಪೋರ್ಟ್ ನಾರ್ಮಲ್ ಬರುತ್ತದೆ, ಅದು ವರ್ಷಗಟ್ಟಲೆಯೂ ಇರಬಹುದು. ಗ್ರಂಥಿಯ ಕೈ ಸೋತ ಮೇಲೆ ಶುಗರ್ ಏರುತ್ತದೆ. ಅಂದರೆ ಸಕ್ಕರೆಯನ್ನು ಅಳೆಯುವ ಟೆಸ್ಟುಗಳು ತಡವಾಗಿ ಮಾತಾಡುತ್ತವೆ. ಇನ್ಸುಲಿನ್ ಅಳೆಯುವ ಟೆಸ್ಟುಗಳು ಬೇಗ ಮಾತಾಡುತ್ತವೆ, ಆದರೆ ಸ್ಪಷ್ಟವಾಗಿ ಮಾತಾಡುವುದಿಲ್ಲ. ಆಯ್ಕೆಯ ತಲೆನೋವೆಲ್ಲ ಇರುವುದು ಇಲ್ಲಿಯೇ.

ತೂಗುವ ಮೊದಲು

ಯಾವ ಟೆಸ್ಟಿಗೂ ನಾನು ಐದು ಪ್ರಶ್ನೆ ಹಾಕುತ್ತೇನೆ. ಎಷ್ಟು ಬೇಗ ಸುಳಿವು ಕೊಡುತ್ತದೆ? ಇವತ್ತು ಮಾಡಿಸಿ ಮುಂದಿನ ವಾರ ಮತ್ತೆ ಮಾಡಿಸಿದರೆ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆಯೇ? ಇಷ್ಟರ ಮೇಲೆ ತೊಂದರೆ ಎಂಬ ಗೆರೆಯ ಬಗ್ಗೆ ವೈದ್ಯರಲ್ಲಿ ಒಮ್ಮತ ಉಂಟೇ? ದುಡ್ಡು ಮತ್ತು ಬೆಳಗ್ಗಿನ ಹೊತ್ತು ಎಷ್ಟು ಹೋಗುತ್ತದೆ? ಕಡೆಯದಾಗಿ, ಉತ್ತರ ಹೀಗೆ ಬಂದರೂ ಹಾಗೆ ಬಂದರೂ ನೀವು ಮುಂದೆ ಮಾಡುವುದು ಬದಲಾಗುತ್ತದೆಯೇ?

ಜನ ಮರೆಯುವುದು ಈ ಕಡೆಯ ಪ್ರಶ್ನೆಯನ್ನು. ಸೊಂಟ 100 ಸೆಂಟಿಮೀಟರ್, ಅಪ್ಪ ಅಮ್ಮ ಇಬ್ಬರಿಗೂ ಶುಗರ್, ದಿನವಿಡೀ ಕೂತು ಮಾಡುವ ಕೆಲಸ. ಇಂಥವರು ಸಾವಿರ ರೂಪಾಯಿ ಕೊಟ್ಟು ಇನ್ಸುಲಿನ್ ಟೆಸ್ಟ್ ಮಾಡಿಸಿ, ಅದು ನಾರ್ಮಲ್ ಬಂದಿತು ಎಂದು ಸಂಜೆ ವಾಕಿಂಗ್ ಬಿಡಬಹುದೇ? ಬಿಡುವ ಹಾಗಿಲ್ಲ. ಜಾಸ್ತಿ ಬಂದರೆ ಮಾಡಬೇಕಾದದ್ದೇನು? ಅದೇ ವಾಕಿಂಗ್. ಹಾಗಾದರೆ ಆ ಸಾವಿರ ರೂಪಾಯಿಗೆ ಬೇರೆ ಟೆಸ್ಟ್ ಸಿಗುತ್ತದೆ.

ಇನ್ಸುಲಿನ್ ಪ್ರತಿರೋಧವನ್ನು ನೇರವಾಗಿ ಅಳೆಯುವ ವಿಧಾನವೂ ಒಂದುಂಟು. ಅದರ ಹೆಸರು ಕ್ಲಾಂಪ್. 1979ರಲ್ಲಿ ಡಿಫ್ರಾಂಜೊ ಮತ್ತು ಸಂಗಡಿಗರು ಅದನ್ನು ವಿವರವಾಗಿ ಬರೆದರು. ರಕ್ತನಾಳಕ್ಕೆ ಇನ್ಸುಲಿನ್ ಹನಿಸುತ್ತಾ, ಜತೆಗೆ ಗ್ಲೂಕೋಸೂ ಹನಿಸುತ್ತಾ, ಐದೈದು ನಿಮಿಷಕ್ಕೊಮ್ಮೆ ರಕ್ತ ನೋಡಿಕೊಂಡು ಸಕ್ಕರೆಯನ್ನು ಒಂದೇ ಮಟ್ಟದಲ್ಲಿ ಹಿಡಿದು ನಿಲ್ಲಿಸುವುದು. ಹಾಗೆ ನಿಲ್ಲಿಸಲು ಎಷ್ಟು ಗ್ಲೂಕೋಸ್ ಬೇಕಾಯಿತೋ ಅದೇ ಅಳತೆ. ಎರಡು ಗಂಟೆಗೂ ಮೀರಿದ ಕೆಲಸ, ಸಂಶೋಧನೆಗಷ್ಟೇ ಬಳಕೆ. ಲ್ಯಾಬಿನ ಬೋರ್ಡಿನಲ್ಲಿ ಬರೆದಿರುವುದೆಲ್ಲ ಇದಕ್ಕೆ ಹತ್ತಿರ ಬರಲು ನೋಡುವ ಅಂದಾಜುಗಳು.

ಟೈಲರ್ ಟೇಪು, ಕನ್ನಡಿ, ಒಂದು ಕಾಗದ

ಖರ್ಚಿಲ್ಲದ ಆಯ್ಕೆಯಿಂದಲೇ ಸುರು ಮಾಡುವ. ಏಷ್ಯಾದವರಿಗೆ ಸೊಂಟದ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇಂಚಿನಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ಪ್ಯಾಂಟಿನ ಸೈಜ್ 34 ಎಂದು ಹೇಳಿ ತೃಪ್ತಿಪಡಬೇಡಿ, ಪ್ಯಾಂಟೂ ಲುಂಗಿಯೂ ನಿಲ್ಲುವುದು ಹೊಟ್ಟೆಯ ಕೆಳಗೆ. ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಬರಿ ಮೈಮೇಲೆ, ಉಸಿರು ಬಿಟ್ಟ ಕೊನೆಯಲ್ಲಿ, ಟೇಪನ್ನು ಬಿಗಿಯದೆ ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ಮೋಸ ಹೋಗುವುದು ನೀವೇ.

ಆಮೇಲೆ ಕುತ್ತಿಗೆಯ ಹಿಂಭಾಗ ಮತ್ತು ಕಂಕುಳು. ಅಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನಂತೆ ಇದ್ದರೆ ಅದಕ್ಕೆ ಅಕಾಂತೋಸಿಸ್ ಎನ್ನುತ್ತಾರೆ. ಇನ್ಸುಲಿನ್ ಜಾಸ್ತಿ ಇರುವುದರ ಹೊರಗುರುತು ಅದು. ಕೊಳೆ ಎಂದುಕೊಂಡು ಮಕ್ಕಳ ಕುತ್ತಿಗೆಯನ್ನು ಸ್ನಾನದ ಹೊತ್ತಿನಲ್ಲಿ ಉಜ್ಜಿ ಉಜ್ಜಿ ಕೆಂಪು ಮಾಡುವ ತಾಯಂದಿರು ಇದ್ದಾರೆ. ಉಜ್ಜಿದರೆ ಹೋಗುವುದಲ್ಲ.

ಮೂರನೆಯದು ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನ ಡಾ. ವಿ. ಮೋಹನ್ ಅವರ ತಂಡ 2005ರಲ್ಲಿ ಕೊಟ್ಟ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ವಯಸ್ಸು 35ರಿಂದ 49 ಆದರೆ 20 ಅಂಕ, 50 ದಾಟಿದರೆ 30. ಸೊಂಟ ಮೇಲೆ ಹೇಳಿದ ಗೆರೆಯನ್ನು ದಾಟಿದರೆ 10, ಗೆರೆಗಿಂತ ಇನ್ನೂ 10 ಸೆಂಟಿಮೀಟರ್ ಮೇಲೆ ಹೋದರೆ 20. ತಂದೆ ತಾಯಿಯರಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ವ್ಯಾಯಾಮವೂ ಇಲ್ಲ, ಮೈಬಗ್ಗಿಸುವ ಕೆಲಸವೂ ಇಲ್ಲವೆಂದರೆ 30, ಎರಡರಲ್ಲಿ ಒಂದು ತಕ್ಕಮಟ್ಟಿಗೆ ಉಂಟೆಂದರೆ 20. ಮೊತ್ತ 60 ಅಥವಾ ಮೇಲೆ ಬಂದರೆ ಅಪಾಯ ಹೆಚ್ಚು. ಇದು ರೋಗನಿರ್ಣಯವಲ್ಲ. ಯಾರು ಲ್ಯಾಬಿಗೆ ಹೋಗಲೇಬೇಕು, ಯಾರು ಸದ್ಯ ಹೋಗದಿದ್ದರೂ ನಡೆದೀತು ಎಂದು ಬೇರ್ಪಡಿಸುವ ಜರಡಿ. ಅಷ್ಟರ ಮಟ್ಟಿಗೆ ಇದಕ್ಕಿಂತ ಅಗ್ಗದ ಸಾಧನ ಸಿಗಲಿಕ್ಕಿಲ್ಲ.

ತೂಕ ನೋಡುವ ಯಂತ್ರ ಮಾತ್ರ ನಮ್ಮವರಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ಚಿತ್ರ ಹಾಕಿ ಒಂದು ವಿಷಯ ತೋರಿಸಿದರು. ಇಬ್ಬರ ಬಿಎಂಐಯೂ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 22.3. ಮೈಯ ಕೊಬ್ಬು ಯುಡ್ಕಿನ್ನರಿಗೆ ಶೇಕಡಾ 9.1, ಯಾಜ್ಞಿಕರಿಗೆ 21.2. ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ಕರಾವಳಿಯಲ್ಲಿ ಮನೆಗೊಂದಾದರೂ ಕಾಣುತ್ತದೆ. "ನಾನು ಸಪೂರ ಇದ್ದೇನಲ್ಲ" ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಕಪಾಟಿನಲ್ಲಿರುವ ಹಳೆ ಲಿಪಿಡ್ ರಿಪೋರ್ಟ್

ಇದು ನನ್ನ ಮೆಚ್ಚಿನ ಆಯ್ಕೆ, ಏಕೆಂದರೆ ಅರ್ಧದಷ್ಟು ಜನ ಈಗಾಗಲೇ ದುಡ್ಡು ಕೊಟ್ಟು ಮಾಡಿಸಿರುತ್ತಾರೆ. ಕೊಲೆಸ್ಟರಾಲ್ ರಿಪೋರ್ಟಿನಲ್ಲಿ ಎಲ್ಲರ ಕಣ್ಣೂ ಹೋಗುವುದು ಮೊದಲ ಸಾಲಿನ ಒಟ್ಟು ಕೊಲೆಸ್ಟರಾಲಿಗೆ. ಅದನ್ನು ಬಿಡಿ. ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಕೊಬ್ಬು) ಮತ್ತು ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಎಂಬ ಎರಡು ಸಾಲು ಹುಡುಕಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಟ್ರೈಗ್ಲಿಸರೈಡ್ 186, ಎಚ್‌ಡಿಎಲ್ 38 ಇದ್ದರೆ ಉತ್ತರ 4.9. ಮೂರಕ್ಕಿಂತ ಮೇಲೆ ಬಂದರೆ ಇನ್ಸುಲಿನ್ ಪ್ರತಿರೋಧದ ಸಾಧ್ಯತೆ ಹೆಚ್ಚು ಎಂದು ಲೆಕ್ಕ. ಇನ್ಸುಲಿನ್ ಮಾತಿಗೆ ಜಗ್ಗದ ಲಿವರ್ ಹೆಚ್ಚು ಹೆಚ್ಚು ಟ್ರೈಗ್ಲಿಸರೈಡನ್ನು ರಕ್ತಕ್ಕೆ ಬಿಡುತ್ತದೆ, ಅದರ ಬೆನ್ನಿಗೇ ಎಚ್‌ಡಿಎಲ್ ಇಳಿಯುತ್ತದೆ. ಹಾಗಾಗಿ ಈ ಜೋಡಿ ಶುಗರ್ ಏರುವ ಮೊದಲೇ ಬಾಯಿ ಬಿಡುವುದುಂಟು.

ಗಲ್ಫಿನಲ್ಲಿ ಮಾಡಿಸಿದ ರಿಪೋರ್ಟ್ ತರುವವರು ನಮ್ಮಲ್ಲಿ ಬಹಳ. ಅಲ್ಲಿ ಕೆಲವು ಕಡೆ ಅಂಕೆಗಳು ಮಿಲಿಮೋಲ್‌ನಲ್ಲಿ ಇರುತ್ತವೆ: ಟ್ರೈಗ್ಲಿಸರೈಡ್ 2.1, ಎಚ್‌ಡಿಎಲ್ 1.0 ಎಂಬಂತೆ. ಅದನ್ನು ಹಾಗೇ ಭಾಗಿಸಿ "2.1 ಬಂತು, ಮೂರಕ್ಕಿಂತ ಕಡಿಮೆ" ಎಂದು ಖುಷಿಪಡಬಾರದು. ಬಂದ ಉತ್ತರವನ್ನು 2.3ರಿಂದ ಗುಣಿಸಬೇಕು, ಆಗ 4.8 ಆಗುತ್ತದೆ. ಶುಗರನ್ನು ಮಿಲಿಮೋಲಿನಿಂದ ನಮ್ಮ ಮಿಲಿಗ್ರಾಂ ಅಂಕೆಗೆ ತರಲು 18ರಿಂದ ಗುಣಿಸಿದರಾಯಿತು.

ಈ ಲೆಕ್ಕದ ದೌರ್ಬಲ್ಯವನ್ನೂ ಹೇಳಬೇಕು. ಟ್ರೈಗ್ಲಿಸರೈಡ್ ತೀರಾ ಚಂಚಲ. ಹಿಂದಿನ ರಾತ್ರಿ ಮದುವೆ ಮನೆಯ ರಿಸೆಪ್ಷನ್ನಿನಲ್ಲಿ ಗಡದ್ದಾಗಿ ಉಂಡು, ಎರಡು ಪೆಗ್ಗೂ ಏರಿಸಿ ಬೆಳಗ್ಗೆ ಏಳಕ್ಕೆ ರಕ್ತ ಕೊಟ್ಟರೆ ಅಂಕೆ ಎಲ್ಲಿಗೋ ಹಾರುತ್ತದೆ. 10ರಿಂದ 12 ಗಂಟೆ ಖಾಲಿ ಹೊಟ್ಟೆ, ಎರಡು ದಿನದಿಂದ ಮದ್ಯ ಇಲ್ಲ ಎಂದಿದ್ದರೆ ಮಾತ್ರ ಈ ಭಾಗಾಕಾರಕ್ಕೆ ಬೆಲೆ. ಕೊಲೆಸ್ಟರಾಲ್ ಮಾತ್ರೆ ತಿನ್ನುತ್ತಿರುವವರಲ್ಲಿ ಈ ಅಂಕೆ ಮೂಲ ಸ್ಥಿತಿಯನ್ನು ಸರಿಯಾಗಿ ತೋರಿಸುವುದಿಲ್ಲ.

ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ

ಫಾಸ್ಟಿಂಗ್ ಶುಗರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೂರು ರೂಪಾಯಿ ಆಸುಪಾಸು, ಎಲ್ಲ ಕಡೆ ಸಿಗುತ್ತದೆ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೂ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೂ ಇನ್ನೂ ಕಡಿಮೆಯಲ್ಲಿ ಮುಗಿಯುತ್ತದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ನಿನ ಲೆಕ್ಕದಲ್ಲಿ 100ರಿಂದ 125 ಬಂದರೆ ಮಧುಮೇಹದ ಮುನ್ನಿನ ಹಂತ, 126 ಅಥವಾ ಮೇಲೆ ಬಂದರೆ ಮಧುಮೇಹ. ಇದು ಖಚಿತವಾಗಿ ಮಾತಾಡುವ, ಆದರೆ ತಡವಾಗಿ ಮಾತಾಡುವ ಟೆಸ್ಟ್. 92 ಬಂದಿತೆಂದು ಇನ್ಸುಲಿನ್ ಪ್ರತಿರೋಧ ಇಲ್ಲವೆನ್ನಲು ಬರುವುದಿಲ್ಲ.

ಎಚ್‌ಬಿಎ1ಸಿಗೆ ಖಾಲಿ ಹೊಟ್ಟೆ ಬೇಡ. ಬೆಳಗ್ಗೆ ಬನ್ಸ್ ತಿಂದು ಬಂದರೂ ಪರವಾಗಿಲ್ಲ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅದು. 5.7ರಿಂದ 6.4 ಮುನ್ನಿನ ಹಂತ, 6.5ರಿಂದ ಮೇಲೆ ಮಧುಮೇಹ. ಬಸ್ಸಿನ ಕಂಡಕ್ಟರುಗಳು, ನೈಟ್ ಡ್ಯೂಟಿಯ ನರ್ಸುಗಳು, ಬೆಳಗ್ಗೆ ಹೊತ್ತೇ ಸಿಗದವರು ಇದನ್ನು ಆರಿಸಿಕೊಳ್ಳುವುದು ಸಹಜ. ಆದರೆ ಸರಾಸರಿ ಸರಾಸರಿಯೇ. ಇಡೀ ಮಳೆಗಾಲದ ಒಟ್ಟು ಮಳೆ ಎಷ್ಟೆಂದು ಗೊತ್ತಾದರೆ ಕೊಟ್ಟಾರ ಚೌಕಿಯಲ್ಲಿ ಯಾವ ದಿನ ಮೊಣಕಾಲುದ್ದ ನೀರು ನಿಂತಿತ್ತೆಂದು ತಿಳಿಯುವುದಿಲ್ಲವಷ್ಟೆ, ಊಟದ ನಂತರ ಸಕ್ಕರೆ 180ಕ್ಕೆ ಏರಿ ಇಳಿಯುವವರನ್ನು ಇದೂ ಹಾಗೆಯೇ ಹಿಡಿಯದೆ ಬಿಡಬಹುದು.

ಇದಕ್ಕಿಂತ ದೊಡ್ಡ ತೊಡಕು ರಕ್ತಹೀನತೆಯದು. ಕಬ್ಬಿಣಾಂಶ ಕಡಿಮೆ ಇರುವವರಲ್ಲಿ ಎಚ್‌ಬಿಎ1ಸಿ ಇದ್ದುದಕ್ಕಿಂತ ಹೆಚ್ಚಾಗಿ ತೋರಬಹುದು. ಈಚೆಗೆ ರಕ್ತಸ್ರಾವವಾದವರಲ್ಲಿ, ಕೆಂಪು ರಕ್ತಕಣ ಬೇಗ ನಾಶವಾಗುವ ಕಾಯಿಲೆ ಇರುವವರಲ್ಲಿ ಕಡಿಮೆ ತೋರುತ್ತದೆ. ಮುಟ್ಟಿನ ರಕ್ತಸ್ರಾವ ಜಾಸ್ತಿ ಇದ್ದು ಹಿಮೋಗ್ಲೋಬಿನ್ 9 ಇರುವ ಹೆಂಗಸಿಗೆ 5.9 ಬಂದಿತೆಂದು ಗಾಬರಿಪಡಿಸುವ ಮೊದಲು ಒಂದು ಸಿಬಿಸಿ (ರಕ್ತಕಣಗಳ ಎಣಿಕೆಯ ಟೆಸ್ಟ್) ನೋಡಬೇಕು. ಗರ್ಭಿಣಿಯರಿಗೆ, ಕಿಡ್ನಿ ತೊಂದರೆ ಇರುವವರಿಗೆ ಇದೊಂದನ್ನೇ ನೆಚ್ಚುವುದು ಸರಿಯಲ್ಲ.

ಗ್ಲೂಕೋಸ್ ಕುಡಿಸಿ ನೋಡುವುದು

ಒಜಿಟಿಟಿ ಎಂದರೆ ಅರ್ಧ ದಿನ ಹಾಳು ಎಂದು ಜನ ಮುಖ ಸಿಂಡರಿಸುತ್ತಾರೆ. ನಿಜ, ಎರಡು ಗಂಟೆಗೂ ಹೆಚ್ಚು ಹೊತ್ತು ಲ್ಯಾಬಿನ ಕುರ್ಚಿಯಲ್ಲೇ ಕೂರಬೇಕು. ಖಾಲಿ ಹೊಟ್ಟೆಯಲ್ಲಿ ಒಂದು ಬಾರಿ ರಕ್ತ, ಆಮೇಲೆ 75 ಗ್ರಾಂ ಗ್ಲೂಕೋಸನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿಯುವುದು, ಎರಡು ಗಂಟೆಗೆ ಮತ್ತೆ ರಕ್ತ. ಕೆಲವರಿಗೆ ವಾಕರಿಕೆ ಬರುತ್ತದೆ. ಕುಡಿದದ್ದನ್ನು ವಾಂತಿ ಮಾಡಿದರೆ ಆ ದಿನದ ಟೆಸ್ಟ್ ಅಲ್ಲಿಗೇ ಮುಗಿಯಿತು, ಇನ್ನೊಂದು ದಿನ ಬರಬೇಕು. ಎರಡನೇ ರಕ್ತದಲ್ಲಿ 140ರಿಂದ 199 ಬಂದರೆ ಮುನ್ನಿನ ಹಂತ, 200ರಿಂದ ಮೇಲೆ ಮಧುಮೇಹ.

ಇಷ್ಟೆಲ್ಲ ಕಿರಿಕಿರಿ ಇದ್ದರೂ, ಅಪಾಯ ಹೆಚ್ಚಿರುವವರು ಒಂದೇ ಟೆಸ್ಟ್ ಆರಿಸಬೇಕಾದರೆ ನಾನು ಬೆರಳು ತೋರಿಸುವುದು ಇದಕ್ಕೇ. ಕಾರಣ ಎರಡು. ದೇಹಕ್ಕೆ ಕೆಲಸ ಕೊಟ್ಟು ಅದು ಹೇಗೆ ನಿಭಾಯಿಸುತ್ತದೆ ಎಂದು ನೋಡುವ ಟೆಸ್ಟ್ ಇದು, ಸುಮ್ಮನಿದ್ದಾಗ ಸರಿಯಾಗಿರುವ ದೇಹದ ಬಣ್ಣ ಬಯಲಾಗುವುದು ಇಲ್ಲಿ. ಎರಡನೆಯ ಕಾರಣಕ್ಕೆ ಇನ್ನೂ ಹೆಚ್ಚಿನ ತೂಕ. ಮಧುಮೇಹ ಬರುವುದನ್ನು ತಡೆಯಬಹುದು ಎಂದು ತೋರಿಸಿದ ದೊಡ್ಡ ಅಧ್ಯಯನಗಳು ಜನರನ್ನು ಆರಿಸಿದ್ದು ಈ ಟೆಸ್ಟಿನಿಂದ. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ 2002ರಲ್ಲಿ ಕೊಟ್ಟ ಲೆಕ್ಕದಂತೆ ತೂಕ ಇಳಿಕೆ ಮತ್ತು ವ್ಯಾಯಾಮದಿಂದ ಮಧುಮೇಹ ಶೇಕಡಾ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ 31ರಷ್ಟು. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಭಾರತದ ಅಧ್ಯಯನದಲ್ಲಿ ಜೀವನಶೈಲಿಯಿಂದ 28.5, ಮಾತ್ರೆಯಿಂದ 26.4, ಎರಡೂ ಸೇರಿಸಿದರೆ 28.2. ಎರಡನ್ನೂ ಕೂಡಿಸಿ ಕೊಟ್ಟದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ ಎಂಬುದನ್ನೂ ಗಮನಿಸಿ. ಒಜಿಟಿಟಿಯಲ್ಲಿ 160 ಬಂದವರಿಗೆ "ಹೀಗೆ ಮಾಡಿ, ಇಷ್ಟು ಉಪಯೋಗವಾಗುತ್ತದೆ" ಎನ್ನಲು ಡಾಕ್ಟರ ಕೈಯಲ್ಲಿ ಅಂಕಿಅಂಶ ಉಂಟು. ಹೋಮಾ 3.1 ಬಂದವರಿಗೆ ಅಷ್ಟು ಗಟ್ಟಿಯಾಗಿ ಹೇಳಲು ಬರುವುದಿಲ್ಲ.

ಈ ಟೆಸ್ಟ್ ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. "ನಾಳೆ ಶುಗರ್ ಟೆಸ್ಟ್" ಎಂದು ಮೂರು ದಿನದಿಂದ ಕುಚ್ಚಲಕ್ಕಿ ಬಿಟ್ಟು ಬರೀ ಮೀನು, ತರಕಾರಿ ತಿಂದು ಬರುತ್ತಾರೆ. ಫಲ ಉಲ್ಟಾ. ಅನ್ನ ಬಿಟ್ಟ ದೇಹ ಒಮ್ಮೆಲೇ ಬಂದ 75 ಗ್ರಾಂ ಗ್ಲೂಕೋಸಿಗೆ ತಬ್ಬಿಬ್ಬಾಗಿ, ಇಲ್ಲದ ಶುಗರನ್ನು ತೋರಿಸಬಹುದು. ಟೆಸ್ಟಿಗೆ ಮೊದಲಿನ ಮೂರು ದಿನ ಎಂದಿನಂತೆ ಗಂಜಿ, ನೀರ್ ದೋಸೆ, ಅನ್ನ ತಿನ್ನಬೇಕು. ದಿನಕ್ಕೆ ಕನಿಷ್ಠ 150 ಗ್ರಾಂ ಪಿಷ್ಟ ಹೊಟ್ಟೆಗೆ ಹೋಗಿರಬೇಕೆಂಬುದು ನಿಯಮ. ಏಕಾದಶಿಯ ಮರುದಿನ, ರಂಜಾನ್ ತಿಂಗಳಲ್ಲಿ, ಜ್ವರ ಬಂದ ವಾರದಲ್ಲಿ ಬೇಡ. ಗ್ಲೂಕೋಸ್ ಕುಡಿದ ಮೇಲೆ "ಎರಡು ಗಂಟೆ ಉಂಟಲ್ಲ, ಹಂಪನಕಟ್ಟೆಗೆ ಹೋಗಿ ಒಂದು ಸಣ್ಣ ಕೆಲಸ ಮುಗಿಸಿ ಬರ್ತೇನೆ" ಎನ್ನುವವರನ್ನು ನಾವು ತಡೆಯುವುದು ಸುಮ್ಮನೆ ಅಲ್ಲ. ನಡೆದರೆ ಸ್ನಾಯು ಸಕ್ಕರೆ ಎಳೆದುಕೊಂಡು ಅಂಕೆ ಇಳಿಯುತ್ತದೆ. ಸಿಗರೇಟೂ ಬೇಡ, ಚಹಾವೂ ಬೇಡ.

ಎಲ್ಲರೂ ಕೇಳುವ ಹೋಮಾ

ಈಗ ಫಾಸ್ಟಿಂಗ್ ಇನ್ಸುಲಿನ್. 1985ರಲ್ಲಿ ಆಕ್ಸ್‌ಫರ್ಡಿನ ಮ್ಯಾಥ್ಯೂಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಸರಳ: ಖಾಲಿ ಹೊಟ್ಟೆಯ ಇನ್ಸುಲಿನ್ನನ್ನು ಖಾಲಿ ಹೊಟ್ಟೆಯ ಶುಗರಿನಿಂದ ಗುಣಿಸಿ 405ರಿಂದ ಭಾಗಿಸುವುದು. ಶುಗರ್ 92, ಇನ್ಸುಲಿನ್ 6 ಇದ್ದರೆ 1.4. ಶುಗರ್ 96, ಇನ್ಸುಲಿನ್ 14 ಇದ್ದರೆ 3.3. ಇಬ್ಬರ ಶುಗರೂ ನಾರ್ಮಲ್, ಆದರೆ ಎರಡನೆಯವರ ಗ್ರಂಥಿ ಎರಡು ಪಟ್ಟಿಗೂ ಮೀರಿ ದುಡಿಯುತ್ತಿದೆ. ಈ ಟೆಸ್ಟಿನ ಮೋಡಿ ಇದು. ಉಳಿದವುಗಳಿಗೆ ಕಾಣದ್ದನ್ನು ಕಾಣುತ್ತದೆ.

ತೊಂದರೆ ಏನೆಂದರೆ ಇನ್ಸುಲಿನ್ ರಕ್ತಕ್ಕೆ ಅಲೆ ಅಲೆಯಾಗಿ ಬರುತ್ತದೆ. ಅಲೆಯ ಏರಿನಲ್ಲಿ ಸೂಜಿ ಹಾಕಿದರೆ ಒಂದು ಅಂಕೆ, ಇಳಿತದಲ್ಲಿ ಇನ್ನೊಂದು. ಒಬ್ಬನೇ ಮನುಷ್ಯನಲ್ಲಿ ದಿನದಿಂದ ದಿನಕ್ಕೆ ಕಾಲು ಭಾಗದಷ್ಟು ಏರುಪೇರು ಅಪರೂಪವೇನಲ್ಲ. ಮೇಲಿನ ಎರಡನೆಯವರ ಇನ್ಸುಲಿನ್ ಮುಂದಿನ ವಾರ 14ರ ಬದಲು ಹತ್ತೂವರೆ ಬಂದಿತೆನ್ನಿ, ಹೋಮಾ 3.3ರಿಂದ 2.5ಕ್ಕೆ ಇಳಿಯಿತು. ಊಟವೂ ಬದಲಾಗಲಿಲ್ಲ, ತೂಕವೂ ಇಳಿಯಲಿಲ್ಲ. ಆದರೂ "ಮೆಂತ್ಯೆ ನೀರು ಕುಡಿದದ್ದಕ್ಕೆ ಇಳಿಯಿತು" ಎಂಬ ಸುದ್ದಿ ಫ್ಯಾಮಿಲಿ ಗ್ರೂಪಿನಲ್ಲಿ ಹೋಗುತ್ತದೆ.

ಮಾದರಿಯನ್ನು ನೋಡಿಕೊಳ್ಳುವುದೂ ಸೂಕ್ಷ್ಮದ ಕೆಲಸ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೆ ಅದರೊಳಗಿನ ಕಿಣ್ವ ಇನ್ಸುಲಿನ್ನನ್ನು ತಿಂದು ಹಾಕುತ್ತದೆ, ಅಂಕೆ ಕಡಿಮೆ ಬರುತ್ತದೆ. ತಿರುಗಿಸಿ ಬೇರ್ಪಡಿಸಿದ ಸೀರಮ್ ತಿಳಿ ಹಳದಿ ಇರಬೇಕು. ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣಕ್ಕೆ ತಿರುಗಿದ್ದರೆ ಆ ಮಾದರಿ ಇನ್ಸುಲಿನ್ ಟೆಸ್ಟಿಗೆ ಬಾರದು. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಮೊದಲೇ ಹೇಳಬೇಕು, ಕೆಲವು ಯಂತ್ರಗಳಲ್ಲಿ ಅದು ಅಂಕೆಯನ್ನು ಕೆಡಿಸುತ್ತದೆ. ಒಂದು ಲ್ಯಾಬಿನ ಯಂತ್ರಕ್ಕೂ ಇನ್ನೊಂದರ ಯಂತ್ರಕ್ಕೂ ಅಂಕೆ ಬೇರೆ ಬರುವುದರಿಂದ ಗೆರೆ ಎಲ್ಲಿ ಎಳೆಯಬೇಕೆಂಬುದೇ ಇತ್ಯರ್ಥವಾಗಿಲ್ಲ. 2.5 ಎಂಬುದು ಹೆಚ್ಚು ಬಳಕೆಯಲ್ಲಿದೆ, 2 ಎನ್ನುವವರೂ ಇದ್ದಾರೆ, 3 ಎನ್ನುವವರೂ ಇದ್ದಾರೆ. ಪ್ರಮುಖ ಮಾರ್ಗಸೂಚಿಗಳು ಎಲ್ಲರಿಗೂ ಈ ಟೆಸ್ಟ್ ಮಾಡಿಸಿ ಎಂದು ಹೇಳದಿರುವುದು ಇದೇ ಕಾರಣಕ್ಕೆ.

ಹಾಗೆಂದು ಇದು ನಿಷ್ಪ್ರಯೋಜಕ ಅಲ್ಲ. ಸೊಂಟ, ಶುಗರ್, ಲಿಪಿಡ್ ಎಲ್ಲ ಗಡಿಯಲ್ಲಿದ್ದು ಡಾಕ್ಟರಿಗೇ ಅನುಮಾನವಿದ್ದಾಗ ಒಂದು ಹೆಚ್ಚಿನ ಸುಳಿವು. ಅಂಕೆ ನೋಡಿದರೆ ಮಾತ್ರ ಎಚ್ಚರವಾಗುವ ಸ್ವಭಾವದವರಿಗೂ ಆದೀತು. ಖರ್ಚು ಐನೂರರಿಂದ ಸಾವಿರದ ಆಸುಪಾಸು. ಇನ್ಸುಲಿನ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಮಾತ್ರ ಇದಕ್ಕೆ ಅರ್ಥವೇ ಇಲ್ಲ. ಒಳಗಿನ ಇನ್ಸುಲಿನ್ ಯಾವುದು, ಚುಚ್ಚಿದ್ದು ಯಾವುದು ಎಂದು ಬೇರ್ಪಡಿಸಲಾಗದು.

ಗ್ಲೂಕೋಸ್ ಕುಡಿಸಿ ಐದಾರು ಸಲ ಇನ್ಸುಲಿನ್ ನೋಡುವ ಟೆಸ್ಟೂ ಉಂಟು. ಮಾಹಿತಿ ಜಾಸ್ತಿ, ಖರ್ಚೂ ಜಾಸ್ತಿ, ಒಪ್ಪಿತ ಗೆರೆ ಅದಕ್ಕೂ ಇಲ್ಲ. ಅಂತಃಸ್ರಾವ ತಜ್ಞರು ಬರೆದುಕೊಟ್ಟರೆ ಮಾಡಿಸಿ, ನೀವಾಗಿ ಹುಡುಕಿಕೊಂಡು ಹೋಗಬೇಡಿ.

ಸೆನ್ಸರ್ ಮತ್ತು ಸ್ಕ್ಯಾನ್

ತೋಳಿಗೆ ಅಂಟಿಸುವ ಸೆನ್ಸರ್ ಎರಡು ವಾರ ಬಾಳುತ್ತದೆ, ಕೆಲವು ಸಾವಿರ ರೂಪಾಯಿ ಆಗುತ್ತದೆ. ಗೋಳಿಬಜೆ ತಿಂದರೆ ಎಷ್ಟು ಏರಿತು, ಕೋರಿರೊಟ್ಟಿ ತಿಂದರೆ ಎಷ್ಟು ಎಂದು ಕಣ್ಣಾರೆ ಕಾಣಬಹುದು, ಅದು ಚಂದವೇ. ಆದರೆ ಅದು ಅಳೆಯುವುದು ಚರ್ಮದಡಿಯ ದ್ರವದ ಸಕ್ಕರೆಯನ್ನು, ಇನ್ಸುಲಿನ್ನನ್ನಲ್ಲ. ಆರೋಗ್ಯವಂತರಲ್ಲೂ ಊಟದ ನಂತರ ಆಗೀಗ 140 ದಾಟುವುದುಂಟು, ಅದನ್ನು ನೋಡಿ ಗಾಬರಿಯಾಗಿ ಅನ್ನಕ್ಕೇ ಹೆದರುವವರು ಹುಟ್ಟಿಕೊಂಡಿದ್ದಾರೆ. ಏಪ್ರಿಲ್‌ನ ಬೆವರಿಗೆ ಅಂಟು ಬಿಟ್ಟು ಸೆನ್ಸರ್ ಅಂಗಿಯೊಳಗೆ ಉದುರುವುದು ಬೇರೆ. ಇನ್ಸುಲಿನ್ ಪ್ರತಿರೋಧ ಪತ್ತೆಗೆಂದು ನಾನು ಇದನ್ನು ಪಟ್ಟಿಯ ಕೊನೆಗೆ ಇಡುತ್ತೇನೆ.

ಹೊಟ್ಟೆಯ ಸ್ಕ್ಯಾನ್ ಬೇರೆ ಕಾರಣಕ್ಕೆ ಆಗಿರುತ್ತದೆ. ಕಿಡ್ನಿ ಕಲ್ಲೆಂದು ಹೋದವರ ರಿಪೋರ್ಟಿನ ಕೊನೆಯಲ್ಲಿ "ಗ್ರೇಡ್ 1 ಫ್ಯಾಟಿ ಲಿವರ್" ಎಂದು ಇರುತ್ತದೆ. "ಅದು ಎಲ್ಲರಿಗೂ ಇರ್ತದೆ ಮಾರಾಯ್ರೆ" ಎಂದು ಮಡಚಿ ಇಡುವ ಸಾಲು ಅದಲ್ಲ. ಮದ್ಯದ ಕಾರಣವಿಲ್ಲದೆ ಲಿವರಿನಲ್ಲಿ ಕೊಬ್ಬು ಕೂತಿದ್ದರೆ ಇನ್ಸುಲಿನ್ ಪ್ರತಿರೋಧ ಅದರ ಜತೆಗಾರ. ಹೋಮಾ ಮಾಡಿಸಿ ಖಚಿತಪಡಿಸಿಕೊಳ್ಳುವುದಕ್ಕಿಂತ ಅಲ್ಲಿಂದ ನೇರ ಒಜಿಟಿಟಿ ಮತ್ತು ಲಿಪಿಡ್‌ಗೆ ಹೋಗುವುದು ಲೇಸು. ಸ್ಕ್ಯಾನಿನಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ, ಕೊಬ್ಬು ಸ್ವಲ್ಪವೇ ಇದ್ದಾಗ ಸಾಮಾನ್ಯ ಸ್ಕ್ಯಾನಿಗೆ ಅದು ಗೋಚರಿಸುವುದಿಲ್ಲ.

ಯಾರಿಗೆ ಯಾವುದು

ದುಡ್ಡಿಗೆ ಕಷ್ಟ ಇರುವವರು ಟೇಪು ಮತ್ತು ರಿಸ್ಕ್ ಸ್ಕೋರಿನಿಂದ ಸುರು ಮಾಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮತ್ತು ಶುಗರ್ ತಪಾಸಣೆ ಉಚಿತ. ಬೆರಳಿಗೆ ಚುಚ್ಚಿ ನೋಡುವ ಮೀಟರ್ ರೋಗನಿರ್ಣಯಕ್ಕೆ ಸಾಲದು, ಅಂಕೆ ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಮತ್ತೊಮ್ಮೆ ನೋಡಲೇಬೇಕು.

ಸಾವಿರದ ಆಸುಪಾಸು ಖರ್ಚು ಮಾಡಬಲ್ಲವರಿಗೆ, ರಿಸ್ಕ್ ಸ್ಕೋರ್ 60 ದಾಟಿದ್ದರೆ, ಲಿಪಿಡ್ ಪ್ರೊಫೈಲ್ ಜತೆ ಒಜಿಟಿಟಿ. ಫಾಸ್ಟಿಂಗ್ ಶುಗರ್ ಅದರಲ್ಲೇ ಬಂದುಬಿಡುತ್ತದೆ. ಎರಡು ಗಂಟೆ ಕೂರಲು ಸಾಧ್ಯವೇ ಇಲ್ಲದವರು ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ, ಲಿಪಿಡ್ ಮೂರನ್ನೂ ಒಟ್ಟಿಗೆ ಮಾಡಿಸಲಿ, ಜತೆಗೊಂದು ಸಿಬಿಸಿ. "ಫುಲ್ ಬಾಡಿ" ಪ್ಯಾಕೇಜಿನಲ್ಲಿ ಎಂಬತ್ತು ಟೆಸ್ಟ್ ಉಂಟೆಂದು ಹಿಗ್ಗಬೇಡಿ, ಎಂಬತ್ತರಲ್ಲಿ ಒಜಿಟಿಟಿ ಇರುವುದು ಕಡಿಮೆ.

ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಎಂದು ಗೊತ್ತಾದ ಹುಡುಗಿಯರು ಇನ್ಸುಲಿನ್ ಟೆಸ್ಟಿಗೆಂದೇ ಬರುತ್ತಾರೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇನ್ಸುಲಿನ್ ಪ್ರತಿರೋಧ ಈ ತೊಂದರೆಯ ಮುಖ್ಯ ಲಕ್ಷಣ ಎಂದು ಒಪ್ಪುತ್ತದೆ, ಆದರೆ ಲ್ಯಾಬಿನಲ್ಲಿ ಸಿಗುವ ಇನ್ಸುಲಿನ್ ಟೆಸ್ಟುಗಳಿಂದ ಚಿಕಿತ್ಸೆಗೆ ಹೆಚ್ಚಿನ ಉಪಯೋಗವಿಲ್ಲ ಎನ್ನುತ್ತದೆ. ಸಪೂರ ಇರಲಿ, ದಪ್ಪ ಇರಲಿ, ಸಕ್ಕರೆಯ ಸ್ಥಿತಿ ನೋಡಲು ಅದು ಮೊದಲು ಹೇಳುವುದು ಒಜಿಟಿಟಿಯನ್ನೇ.

ಬಸಿರಿನಲ್ಲಿ ಶುಗರ್ ಬಂದು ಹೆರಿಗೆಯ ನಂತರ ಹೋದವರು ತವರುಮನೆಯ ಬಾಣಂತನದ ಗಡಿಬಿಡಿಯಲ್ಲಿ ಮರೆಯುವ ಟೆಸ್ಟ್ ಒಂದುಂಟು: ಹೆರಿಗೆಯಾಗಿ 6ರಿಂದ 12 ವಾರದೊಳಗಿನ ಒಜಿಟಿಟಿ. ಮುಂದೆ ಮಧುಮೇಹ ಬರುವ ಸಾಧ್ಯತೆ ಇವರಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. ಲೇಡಿಗೋಷನ್‌ನಲ್ಲಿ ಹೆತ್ತಿರಲಿ, ಖಾಸಗಿ ಆಸ್ಪತ್ರೆಯಲ್ಲಿ ಹೆತ್ತಿರಲಿ, ಮಗುವಿನ ಲಸಿಕೆಗೆ ಹೋಗುವ ದಿನವೇ ಡಾಕ್ಟರಲ್ಲಿ ಕೇಳಿ ದಿನ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

ಕುತ್ತಿಗೆ ಕಪ್ಪಾಗಿ ತೂಕ ಏರುತ್ತಿರುವ ಮಕ್ಕಳನ್ನು ಸೀದಾ ಲ್ಯಾಬಿಗೆ ಕರೆತರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಹರೆಯಕ್ಕೆ ಕಾಲಿಡುವಾಗ ಇನ್ಸುಲಿನ್ ಸಹಜವಾಗಿಯೇ ಏರುತ್ತದೆ, ದೊಡ್ಡವರ ಗೆರೆ ಅವರಿಗೆ ಹೊಂದದು.

ಈಗಾಗಲೇ ಮಧುಮೇಹ ಇರುವವರು "ನನಗೆ ರೆಸಿಸ್ಟೆನ್ಸ್ ಉಂಟಾ" ಎಂದು ದುಡ್ಡು ಖರ್ಚು ಮಾಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದವರು ಈ ಯಾವ ಹೋಲಿಕೆಗೂ ಕೂರದೆ ಅವತ್ತೇ ಶುಗರ್ ನೋಡಿಸಿ ಡಾಕ್ಟರನ್ನು ಕಾಣಬೇಕು. ಅಂಥ ಲಕ್ಷಣ ಇಲ್ಲದವರಲ್ಲಿ ಒಂದೇ ಒಂದು ಅಂಕೆ ಮಧುಮೇಹದ ಗೆರೆ ದಾಟಿದರೆ ಇನ್ನೊಂದು ಟೆಸ್ಟಿನಲ್ಲಿ ಖಚಿತವಾಗುವ ತನಕ ಹೆಸರಿಡುವ ಹಾಗಿಲ್ಲ.

ಎಲ್ಲ ನಾರ್ಮಲ್ ಬಂದರೆ ಮೂರು ವರ್ಷದೊಳಗೆ ಮತ್ತೊಮ್ಮೆ, ಮುನ್ನಿನ ಹಂತ ಬಂದರೆ ವರ್ಷಕ್ಕೊಮ್ಮೆ. ಮರುಪರೀಕ್ಷೆಗೆ ಸಾಧ್ಯವಾದಷ್ಟು ಅದೇ ಲ್ಯಾಬಿಗೆ, ಅದೇ ಬಗೆಯ ತಯಾರಿಯಲ್ಲಿ ಹೋಗಿ. ಹಳೆ ರಿಪೋರ್ಟುಗಳನ್ನು ಜತೆಗೆ ಒಯ್ಯಿರಿ. ಸ್ಟಿರಾಯ್ಡ್, ಮೆಟ್‌ಫಾರ್ಮಿನ್, ಬಯೋಟಿನ್, ಕಷಾಯ, ಏನೇ ತೆಗೆದುಕೊಳ್ಳುತ್ತಿದ್ದರೂ ರಕ್ತ ಕೊಡುವ ಮೊದಲು ಹೇಳಿ. ಸೂಜಿ ಹೊರಗೆ ತೆಗೆದ ಮೇಲೆ ಹೇಳಿದರೆ ನಾವು ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.